ಅರಸನಿಗೊಂದು ಕತ್ತೆ

ಗ್ರಂಥದಲ್ಲಿ ಇರುವುದು ಕತ್ತೆ. ಕೋರಮಂಡಲ್ ಎಂಬ ಚಿನ್ನದ ಗಣಿ ಬಡಾವಣೆಯಲ್ಲಿ, ಕಾರ್ಮಿಕರ ಮನೆಸಾಲುಗಳಾದ ಲೈನುಗಳ ನಡುವಿನ ಆ ಸಣ್ಣ ಚರ್ಚಿನವರು ಮಾತ್ರ ಎಷ್ಟೋ ವರ್ಷಗಳಿಂದ ಕುದುರೆಯನ್ನೇ ತರುತ್ತಿದ್ದರು. ಬಂಗಾರಪೇಟೆಯಲ್ಲಿ ಮದುವೆ ಗಂಡುಗಳನ್ನು ಹೊತ್ತು ಪಳಗಿದ ಬಿಳಿ ಕುದುರೆ; ತಲೆಗೆ ಗರಿಯ ಜುಟ್ಟು, ಮೈಮೇಲೆ ಮಿಂಚುವ ಹೊದಿಕೆ. ಶಿಲುಬೆಯ ವಾರ ಆರಂಭವಾಗುವ ಗರಿಗಳ ಭಾನುವಾರ, ಏಸು ಯೆರೂಸಲೇಮ್ ಪಟ್ಟಣವನ್ನು ಹೊಕ್ಕ ನೆನಪಿಗೆ, ಏಸುವಿನ ವೇಷದವನನ್ನು ಅದರ ಮೇಲೆ ಕೂರಿಸಿ, ಚಿನ್ನ ತೆಗೆದುಳಿದ ಗಣಿಮಣ್ಣು ಸುರಿದು ಆದ ಸೈನೈಡ್ ದಿಬ್ಬದ ಬುಡದಿಂದ ಚರ್ಚಿನ ಬಾಗಿಲವರೆಗೆ ಮೆರವಣಿಗೆ ತರುತ್ತಿದ್ದರು. ಯಾರಿಗೂ ತಪ್ಪೆನಿಸಿರಲಿಲ್ಲ. ಕಳೆದ ವರ್ಷ ಹೊಸದಾಗಿ ಬಂದ ಪಾದ್ರಿಗಳು ಕತ್ತೆಯೇ ಬೇಕೆಂದರು. ನನ್ನ ಕೆಲಸ ಶುರುವಾದದ್ದು ಅಲ್ಲಿಂದ.

ಬಂಗಾರಪೇಟೆ ರೈಲು ನಿಲ್ದಾಣದ ಎದುರು ನಮ್ಮ ಪತ್ರಿಕೆಯ ಒಂದು ಕೋಣೆಯ ಕಚೇರಿ ಇದೆ. ಈ ಭಾಗಕ್ಕೆ ನಾನೊಬ್ಬಳೇ ವರದಿಗಾರ್ತಿ. ಕುದುರೆ ಹೋಗಿ ಕತ್ತೆ ಬರುತ್ತಿದೆ ಎಂದು ಎರಡು ಸಾಲು ಕಳಿಸಿದ್ದಕ್ಕೆ ಸುದ್ದಿ ಸಂಪಾದಕರು ಫೋನ್ ಮಾಡಿದರು.

“ಕತ್ತೆ ಯಾಕೆ ಅನ್ನೋದನ್ನ ಪೂರ್ತಿ ಪುಟಕ್ಕೆ ಬರಿಯಮ್ಮ. ಭಕ್ತಿ ಬೇಡ, ಮಾಹಿತಿ ಬೇಕು. ಸೋಮವಾರದ ಪುಟ. ಫೋಟೋದಲ್ಲಿ ಕತ್ತೆ ಇರ್ಬೇಕು. ಇಲ್ಲ ಅಂದ್ರೆ ಆ ಜಾಗಕ್ಕೆ ಬೋರ್‌ವೆಲ್ ಜಾಹೀರಾತು ಹಾಕ್ತೀನಿ.”

ಪಾದ್ರಿಗಳು ಹೀಬ್ರೂ ಓದಬಲ್ಲವರು. ಪಕ್ಕದ ಗಣಿ ಬಡಾವಣೆ ನಂದಿದುರ್ಗದಲ್ಲಿ ಅವರ ಮನೆಯ ಜಗುಲಿಯಲ್ಲಿ ಕೂತು, ಕೋರ್ಟಿನ ವರದಿಗೆ ಕೇಳುವ ಹಾಗೆ ಕೇಳಿದೆ: ಯಾರು, ಎಲ್ಲಿ, ಯಾರ ಮುಂದೆ, ಯಾರ ಅಪ್ಪಣೆಯಿಂದ. ಅವರೂ ಹಾಗೆಯೇ ಉತ್ತರ ಕೊಟ್ಟರು.

ಹಳೆಯ ಹೀಬ್ರೂ ಅರಸರಿಗೆ ಪಟ್ಟ ಕಟ್ಟುವಾಗ ಕಿರೀಟಕ್ಕಿಂತ ದೊಡ್ಡದು ಎಣ್ಣೆ. ಪ್ರವಾದಿಯೋ ಯಾಜಕನೋ ಕೊಂಬಿನಲ್ಲಿ ತುಂಬಿ ತಂದ ಎಣ್ಣೆಯನ್ನು ತಲೆಯ ಮೇಲೆ ಸುರಿಯುತ್ತಿದ್ದ. ಹಾಗೆ ಅಭಿಷೇಕವಾದವನು ಮೆಸ್ಸೀಯ. ಅದನ್ನೇ ಗ್ರೀಕರು ಕ್ರಿಸ್ತ ಎಂದರು. ಕ್ರಿಸ್ತ ಎಂಬುದು ಹೆಸರೆಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ. ಅದೊಂದು ಪದವಿ, ಅರಸನ ಪದವಿ.

ಆಮೇಲೆ ಕತ್ತೆಯ ವಿಷಯ. ದಾವೀದ ಅರಸ ಮುದುಕನಾಗಿ ಹಾಸಿಗೆ ಹಿಡಿದಿದ್ದಾನೆ. ಒಬ್ಬ ಮಗ ರಥ, ಕುದುರೆ ಸವಾರರು, ಮುಂದೆ ಓಡುವ ಆಳುಗಳು ಎಲ್ಲವನ್ನೂ ಕಟ್ಟಿಕೊಂಡು, ತಾನೇ ಅರಸನೆಂದು ಔತಣ ಹಾಕಿಸಿದ್ದಾನೆ. ಸುದ್ದಿ ಮುಟ್ಟಿದಾಗ ಮುದುಕ ಕೊಟ್ಟ ಅಪ್ಪಣೆ ಚಿಕ್ಕದು. ಇನ್ನೊಬ್ಬ ಮಗ ಸೊಲೊಮೋನನನ್ನು ನನ್ನ ಸ್ವಂತ ಹೇಸರಗತ್ತೆಯ ಮೇಲೆ ಕೂರಿಸಿ, ಬುಗ್ಗೆಯ ಬಳಿಗೆ ಕರೆದೊಯ್ಯಿರಿ, ಎಣ್ಣೆ ಸುರಿಯಿರಿ, ಕೊಂಬು ಊದಿರಿ. ಊದಿದರು. ಅತ್ತ ರಥದವನ ಔತಣ ಮುಗಿಯುತ್ತ ಬಂದಿತ್ತು. ಕೊಂಬಿನ ದನಿ ಕೇಳಿದ ಅತಿಥಿಗಳು ಎದ್ದು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು.

ಶತಮಾನಗಳು ಕಳೆದು, ಆ ಅರಸೊತ್ತಿಗೆಯೇ ಅಳಿದ ಮೇಲೆ, ಒಬ್ಬ ಪ್ರವಾದಿ ಬರಲಿರುವ ಅರಸನ ಗುರುತು ಹೇಳಿದ. ಅವನು ದೀನನಾಗಿ ಕತ್ತೆಮರಿಯ ಮೇಲೆ ಬರುತ್ತಾನೆ. ಯುದ್ಧದ ಕುದುರೆಗಳು ಇಲ್ಲವಾಗುತ್ತವೆ. ಇದನ್ನೆಲ್ಲ ಕೇಳಿ ಬೆಳೆದ ಜನರ ನಡುವೆ ಏಸು ಒಂದು ಕತ್ತೆಮರಿ ತರಿಸಿಕೊಂಡ. ನಾನು ಅರಸ ಎಂದು ಬಾಯಿಬಿಟ್ಟು ಹೇಳಲಿಲ್ಲ. ಅದರ ಮೇಲೆ ಕೂತ. ನೋಡಿದವರಿಗೆ ಅರ್ಥವಾಯಿತು.

“ಇದು ಕ್ರೈಸ್ತರು ಓದುವ ರೀತಿ,” ಎಂದರು ಪಾದ್ರಿಗಳು. “ಯೆಹೂದ್ಯರು ಒಪ್ಪೋದಿಲ್ಲ. ಅದನ್ನೂ ಬರೀರಿ.”

ಬರೆದುಕೊಂಡೆ. ವಾಪಸು ಬರುವಾಗ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹಾಯುವಷ್ಟು ಹೊತ್ತೂ ಹಾಸಿಗೆ ಹಿಡಿದ ಆ ಅರಸ ನನ್ನ ಕಣ್ಣ ಮುಂದೆಯೇ ಇದ್ದ. ಎಷ್ಟೋ ಪ್ರಮಾಣವಚನಗಳನ್ನು ವರದಿ ಮಾಡಿದ್ದೇನೆ. ಮೂಕಪ್ರಾಣಿಯೊಂದರ ಬೆನ್ನಿನ ಮೇಲೆ ಇಷ್ಟು ದೊಡ್ಡ ಮಾತು ಇಷ್ಟು ದೂರ ನಡೆದುಬಂದದ್ದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಆದರೆ ಕೋರಮಂಡಲ್‌ನ ಸಮಿತಿಗೆ ಈ ಮಾತು ಇಳಿಯಲಿಲ್ಲ. ನಮ್ಮ ಕಡೆ ಯಾರನ್ನಾದರೂ ಕತ್ತೆಯ ಮೇಲೆ ಕೂರಿಸುತ್ತಾರೆಂದರೆ ಅದು ಪಟ್ಟವಲ್ಲ, ಶಿಕ್ಷೆ. ಚರ್ಚಿಗೆ ಹೋಗುವವರ ಮನಸ್ಸಿನಲ್ಲೂ ಅದೇ ಇತ್ತು. ಏಸುವಿನ ಪಾತ್ರ ವೈರಿಂಗ್ ಕೆಲಸದ ಒಬ್ಬ ಯುವಕನದು. ಅವನ ತಾಯಿ ಸಭೆಯ ನಡುವೆ ಎದ್ದು ನಿಂತರು.

“ನನ್ ಮಗನ್ನ ಕತ್ತೆ ಮೇಲೆ ಕೂರಿಸ್ತೀರಾ ಸಾಮಿ? ಅವನು ಯಾರ ಮನೆ ಕೋಳಿ ಕದ್ದ?”

ಯುವಕ ತಲೆ ತಗ್ಗಿಸಿಕೊಂಡೇ ಹೇಳಿದ, “ಅಮ್ಮಾ, ಶುಕ್ರವಾರ ಶಿಲುಬೆಗೆ ಕಟ್ಟೋಕೆ ಒಪ್ಪಿದ್ದೀಯ. ಭಾನುವಾರ ಕತ್ತೆ ಬೇಡ ಅಂತೀಯಲ್ಲ.”

ಆ ಶುಕ್ರವಾರದ ಶಿಲುಬೆ ನಾಟಕ ಕಲಿಸುವ ಮೇಷ್ಟ್ರು, ಗಣಿ ಮುಚ್ಚುವವರೆಗೆ ಆಳುಗಳನ್ನು ಕೆಳಗಿಳಿಸುವ ಕೇಜು ಓಡಿಸುತ್ತಿದ್ದವರು, ಒಂದು ದಾರಿ ಹುಡುಕಿದರು. “ಕುದುರೆಗೇ ಉದ್ದ ಕಿವಿ ಕಟ್ಟಿಬಿಟ್ರೆ? ರಟ್ಟಲ್ಲಿ ಸೂಪರ್ ಆಗಿ ಮಾಡ್ಬಹುದು ಸಾಮಿ.”

“ಬಾಲಕ್ಕೇನು ಮಾಡ್ತೀರಿ?” ಎಂದರು ಪಾದ್ರಿಗಳು.

ಸಭೆ ನಕ್ಕಿತು, ತಾಯಿಯೂ ನಕ್ಕರು. ನಕ್ಕ ಮೇಲೆ ಜಗಳ ಮುಂದುವರಿಸುವುದು ಕಷ್ಟ. ಕತ್ತೆ ಎಂದೇ ಆಯಿತು.

ಆಗ ಗೊತ್ತಾದದ್ದು, ಕತ್ತೆಗಳೇ ಇಲ್ಲ. ಮೇಷ್ಟ್ರು ಬಂಗಾರಪೇಟೆಯ ಸಂತೆಯಲ್ಲಿ ವಿಚಾರಿಸಿದರು, ಇಟ್ಟಿಗೆ ಗೂಡುಗಳಿಗೆ ಹೋಗಿಬಂದರು. ಕೊನೆಗೆ ಬೇತಮಂಗಲದ ಕೆರೆಯಾಚೆ ಒಂದು ಹಳ್ಳಿಯಲ್ಲಿ ಮಡಿವಾಳರ ಮನೆಯೊಂದರಲ್ಲಿ ತಾಯಿ ಕತ್ತೆ, ಅದರ ಪ್ರಾಯದ ಮರಿ ಎರಡೂ ಇವೆ ಎಂದು ತಿಳಿಯಿತು. ಮೇಷ್ಟ್ರು ನನ್ನನ್ನೂ ಕರೆದರು. ನೋಡಲು ಮಾತ್ರ ಬರುತ್ತೇನೆ, ಮಾತು ನಿಮ್ಮದೇ ಎಂದು ಹೇಳಿ ಹೋದೆ. ವರದಿ ಮಾಡುವ ಘಟನೆಯೊಳಗೆ ಕೈ ಹಾಕಬಾರದು ಎಂಬುದು ನಾನು ಕಲಿತ ಮೊದಲ ಪಾಠ.

ಮನೆಯ ಮುಂದೆ ಬೇವಿನ ಮರದಡಿ ಮೇಜು ಹಾಕಿಕೊಂಡು ನಲವತ್ತರ ಒಬ್ಬಾತ ಇಸ್ತ್ರಿ ಮಾಡುತ್ತಿದ್ದ. ನಮ್ಮನ್ನು ಕೂರಿಸಿ ಟೀ ತರಿಸಿದ. ಚರ್ಚಿನ ಕೆಲಸ ಎಂದಾಗ ಖುಷಿಪಟ್ಟ. ಕೂರುವ ಮಾತು ಬಂದಾಗ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟ.

“ಮೂಟೆ ಎತ್ಕೊಂಡು ಓಯ್ತವೆ ಕಣಣ್ಣ. ಅದರ ಮ್ಯಾಲೆ ಆಳು ಕುಂತ್ಕಳಾಕಿಲ್ಲ. ನಮ್ ಮನೇಲಿ ಆ ಮಾತೇ ಇಲ್ಲ.”

“ಎನ್ನಪ್ಪಾ, ಕೂರೋದು ಯಾರು ಗೊತ್ತಾ? ರಾಜ. ರಾಜಾಧಿರಾಜ,” ಎಂದರು ಮೇಷ್ಟ್ರು.

“ರಾಜ್ರಿಗೆ ಕುದುರೆ ಸಿಗಲಿಲ್ವಾ?”

ಮೇಷ್ಟ್ರು ಪಾದ್ರಿಗಳಿಗೆ ಫೋನ್ ಮಾಡಲು ರಸ್ತೆಯ ಕಡೆ ಹೋದರು. ಆತ ನನ್ನತ್ತ ತಿರುಗಿ ದನಿ ತಗ್ಗಿಸಿದ. ಅವನಪ್ಪ ಹರೆಯದಲ್ಲಿದ್ದಾಗ ನಡೆದದ್ದು. ಕೆರೆಯಲ್ಲಿ ಬಟ್ಟೆ ಒಗೆಯುವಾಗ ಅಂಗಾಲಿಗೆ ಗಾಜು ಹೊಕ್ಕು ನಡೆಯಲಾಗದೆ, ಕತ್ತೆಯ ಮೇಲೆ ಕೂತು ಬಂದಿದ್ದರು. ಮೇಲ್ಜಾತಿಯ ದೊಡ್ಡವರ ಬೀದಿ ಬಂದಾಗ ಕಟ್ಟಳೆಯಂತೆ ಇಳಿಯಬೇಕಿತ್ತು, ಇಳಿಯಲಿಲ್ಲ. ಮಾರನೆಯ ದಿನ ಪಂಚಾಯ್ತಿ ಸೇರಿತು. ಅರ್ಧ ತಲೆ ಬೋಳಿಸಿ, ಮುಖಕ್ಕೆ ಸುಣ್ಣದ ಬೊಟ್ಟಿಟ್ಟು, ಚಪ್ಪಲಿ ಹಾರ ಹಾಕಿ, ಅದೇ ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಊರೆಲ್ಲ ತಿರುಗಿಸಿದರು.

“ಸವಾರಿ ಬೇಕಾಗಿತ್ತಲ್ಲ, ಮಾಡು ಅಂದ್ರಂತೆ. ಈಗ ಆ ಬೀದೀಲಿ ಯಾರೂ ಏನೂ ಅನ್ನಲ್ಲ ಮೇಡಮ್ನೋರೇ. ಆ ಕಾಲದೋರೂ ಇಲ್ಲ. ನಮ್ಮಪ್ಪ ಮಾತ್ರ ಇವತ್ಗೂ ಆ ಬೀದಿ ತುಳಿಯಾಕಿಲ್ಲ. ಕೆರೆ ಕಟ್ಟೆ ಸುತ್ತಾಕ್ಕೊಂಡು ಬತ್ತಾನೆ.”

“ಇದನ್ನ ಬರೀಬಹುದಾ?” ಎಂದು ಕೇಳಿದೆ.

“ಬ್ಯಾಡಿ. ಅವನು ಇನ್ನೂ ಬದುಕವ್ನೆ.”

ಬೇಡ ಎಂದ ಮೇಲೆ ಅದು ನನ್ನದಲ್ಲ. ಪೆನ್ನು ಮುಚ್ಚಿದೆ.

ಅಷ್ಟರಲ್ಲಿ ಒಳಗಿನಿಂದ ಮುದುಕರು ಬಂದು ಹೊರಗಿನ ಕಲ್ಲಿನ ಮೇಲೆ ಕೂತರು. ಸಣಕಲು ಮೈ, ನೆಟ್ಟಗಿನ ಬೆನ್ನು. ಯಾಕೆ ಬಂದಿದ್ದೇವೆಂದು ಅವರಿಗೆ ಒಳಗೇ ಕೇಳಿಸಿತ್ತು. ವಾಪಸಾದ ಮೇಷ್ಟ್ರು ರಾಜ, ವೈಭವ, ಬ್ಯಾಂಡು ಎಂದೆಲ್ಲ ಮತ್ತೆ ಶುರುಮಾಡಿದರು. ಮುದುಕರು ಕೈ ಎತ್ತಿ ನಿಲ್ಲಿಸಿದರು.

“ನೀನು ನಾಟಕದೋನು, ಅಂಗೇ ಯೇಳ್ತೀಯ. ಈಯಮ್ಮ ಪೇಪರ್ನೋಳು. ಸುಳ್ಳು ಬರದ್ರೆ ನಾಳೀಕೆ ಸಿಕ್ಕಾಕ್ಕಂತಾಳೆ. ನೀನ್ ಯೇಳವ್ವ.”

ಪಾದ್ರಿಗಳು ಹೇಳಿದ್ದನ್ನು ಕ್ರಮವಾಗಿ ಹೇಳಿದೆ. ಹಾಸಿಗೆ ಹಿಡಿದ ಅರಸ, ರಥ ಕಟ್ಟಿಸಿದ ಮಗ, ಎಣ್ಣೆ, ಕೊಂಬು.

“ಅವ್ನ ಸ್ವಂತ ಕತ್ತೇನಾ?”

“ಹೇಸರಗತ್ತೆ ತಾತ. ಕತ್ತೆಗೂ ಕುದುರೆಗೂ ಹುಟ್ಟಿದ್ದು. ಅರಸಂದೇ, ಬೇರೆ ಯಾರೂ ಏರೋ ಹಾಗಿರಲಿಲ್ಲ.”

“ಆಮ್ಯಾಕೆ ಬಂದೋನು? ಏಸಪ್ಪ?”

“ಅವನದು ಕತ್ತೆಮರಿ. ಸ್ವಂತದ್ದಲ್ಲ. ಯಾರದೋ ಬಾಗಿಲಲ್ಲಿ ಕಟ್ಟಿತ್ತು, ಕೇಳಿ ತರಿಸಿಕೊಂಡ. ಅದರ ಮೇಲೆ ಅಲ್ಲಿಯವರೆಗೆ ಯಾರೂ ಕೂತಿರಲಿಲ್ಲ ಅಂತ ಬರೆದಿದ್ದಾರೆ.”

ಮುದುಕರು ಬೇವಿನ ಮರಕ್ಕೆ ಕಟ್ಟಿದ್ದ ಮರಿಯನ್ನು ನೋಡಿದರು. ಆಮೇಲೆ ಕೇಳಿದರು, “ಯಾರಾದ್ರೂ ನಕ್ರಾ?”

ಮೇಷ್ಟ್ರು ಅವರ ಹಿಂದೆ ನಿಂತು, ಬೇಡ ಎಂದು ನನಗೆ ಸನ್ನೆ ಮಾಡಿದರು. ಇಲ್ಲ ಎಂದರೆ ಕತ್ತೆ ಸಿಗುತ್ತಿತ್ತು. ಗರಿ ಹಿಡಿದು ಹಾಡಿದ ಆ ಒಂದು ದಿನದ ಮಟ್ಟಿಗೆ ಅದು ಸುಳ್ಳೂ ಅಲ್ಲ. ಆದರೆ ಮುದುಕರು ಕೇಳುತ್ತಿದ್ದುದು ಆ ಒಂದು ದಿನವನ್ನಲ್ಲ. ನೋಡಲು ಮಾತ್ರ ಬಂದಿದ್ದೇನೆ ಎಂಬ ನನ್ನ ಪಾಠ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಸುಮ್ಮನಿದ್ದರೂ ಒಂದು ಉತ್ತರವಾಗುತ್ತಿತ್ತು.

“ಆ ದಿನ ನಗಲಿಲ್ಲ ತಾತ. ಅರಸ ಬಂದ ಅಂತ ಹಾಡಿದರು. ಅದೇ ವಾರ ಹಿಡಿದುಕೊಂಡು ಹೋಗಿ ನಕ್ಕರು.”

“ಏನ್ ಮಾಡಿದ್ರು?”

“ಅರಸರ ಬಣ್ಣದ ನಿಲುವಂಗಿ ತೊಡಿಸಿದರು. ಮುಳ್ಳಲ್ಲಿ ಕಿರೀಟ ಮಾಡಿ ತಲೆಗೆ ಒತ್ತಿದರು. ರಾಜದಂಡ ಅಂತ ಕೈಗೆ ಒಂದು ಬೆತ್ತ ಕೊಟ್ಟರು. ಮುಂದೆ ಮಂಡಿಯೂರಿ, ಅರಸೇ ನಮಸ್ಕಾರ ಅಂದರು. ಆಮೇಲೆ ಅದೇ ಬೆತ್ತ ಕಿತ್ತುಕೊಂಡು ತಲೆಗೆ ಹೊಡೆದರು. ಮುಖಕ್ಕೆ ಉಗುಳಿದರು.”

“ಉಗುಳಿದ್ರಾ?”

“ಹೂಂ ತಾತ.”

“ಅವನು ಏನಂದ?”

“ಏನೂ ಅನ್ನಲಿಲ್ಲ.”

ಮಗ ಇಸ್ತ್ರಿ ಮೇಜಿನ ಮೇಲೆ ಎರಡೂ ಕೈಯೂರಿ ನಿಂತಿದ್ದ. ಮುದುಕರು ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು. ಬೆವರಿರಲಿಲ್ಲ.

“ನಾನೂ ಏನೂ ಅನ್ನಲಿಲ್ಲ,” ಎಂದರು. ಆಮೇಲೆ ಮಗನಿಗೆ, “ಮರೀನ ಕೊಡ್ಲಾ. ಅಂಗೆ ನಗಿಸ್ಕಂಡೋನು ಕುಂತ್ರೆ ಕುಂತ್ಕಳ್ಳಿ.”

ವಾಪಸು ಬರುವಾಗ ಬೇತಮಂಗಲದ ಬಸ್ ನಿಲ್ದಾಣ ದಾಟಿದ ಮೇಲೆ ಮೇಷ್ಟ್ರು, “ನಾನು ಇಪ್ಪತ್ತು ವರ್ಷದಿಂದ ಆ ಉಗುಳೋ ಸೀನ್ ಮಾಡಿಸ್ತಾ ಇದೀನಮ್ಮಾ,” ಎಂದರು.

ಆಮೇಲಿನದು ಬರೀ ದುಡಿಮೆ. ಮರಿ ಮೂಟೆ ಹೊತ್ತು ಬಲ್ಲದೇ ಹೊರತು ಆಳನ್ನಲ್ಲ. ಮೊದಲು ಒದ್ದೆ ಬಟ್ಟೆಯ ಮೂಟೆ ಹೇರಿ ಕೆರೆ ಕಟ್ಟೆಯ ಮೇಲೆ ನಡೆಸಿದರು. ಮೂಟೆಯ ಜಾಗಕ್ಕೆ ಯುವಕ ಬಂದ. ಕುದುರೆಯ ಅಭ್ಯಾಸದಲ್ಲಿ ನಡುಬೆನ್ನಿನ ಮೇಲೆ ಕೂತ, ಮರಿ ಕೆಡವಿತು. ಹಿಂದಕ್ಕೆ ಸರಿದು ಸೊಂಟದ ಮೇಲೆ ಕೂತರೆ ತಡೆದುಕೊಳ್ಳುತ್ತದೆ ಎಂದು ಮುದುಕರ ಮಗ ತೋರಿಸಿದ. ಮುದುಕರು ಕಟ್ಟೆಯ ಮೇಲೆ ಕೂತು, “ಏಸಪ್ಪಾ, ಕಾಲು ಇಳಿಬಿಡಪ್ಪ, ಕಿವಿ ಇಡೀಬ್ಯಾಡ, ಅದೇನ್ ಬಸ್ಸಿನ ಕಂಬಿನಾ,” ಎನ್ನುತ್ತಿದ್ದರು. ಬ್ಯಾಂಡಿನವರ ಡೋಲು ಕೇಳಿದ ದಿನ ಮರಿ ಹಗ್ಗ ಕಿತ್ತುಕೊಂಡು ಹೊಲಕ್ಕೆ ಓಡಿತು. ಬ್ಯಾಂಡ್ ಬೇಡ ಎಂದರು ಪಾದ್ರಿಗಳು. ಬ್ಯಾಂಡಿಲ್ಲದೆ ಎಂಥ ಮೆರವಣಿಗೆ ಎಂದು ಸಮಿತಿ ಮುನಿಸಿಕೊಂಡಿತು. ತಾಯಿ ಕತ್ತೆ ಜೊತೆಗಿದ್ದರೆ ಮಾತ್ರ ಮರಿ ಹೆಜ್ಜೆ ಎತ್ತುತ್ತಿತ್ತು, ಹಾಗಾಗಿ ಎರಡೂ ಬರಬೇಕೆಂದಾಯಿತು. ಇದನ್ನು ಕೇಳಿದ ಪಾದ್ರಿಗಳು ಪುಟ ತಿರುಗಿಸಿ ನನಗೊಂದು ಸಾಲು ತೋರಿಸಿದರು: ಅಲ್ಲಿಯೂ ತಾಯಿ, ಮರಿ ಎರಡನ್ನೂ ತಂದಿದ್ದರು.

ಭಾನುವಾರ ಬೆಳಿಗ್ಗೆ ಸೈನೈಡ್ ದಿಬ್ಬದ ಬುಡದಲ್ಲಿ ಜನ ಸೇರಿದರು. ತೆಂಗಿನ ಎಳೆಗರಿ ಎಲ್ಲರ ಕೈಯಲ್ಲೂ. ಅಪ್ಪ, ಮಗ, ಎರಡು ಕತ್ತೆ ಟೆಂಪೋದಲ್ಲಿ ಬಂದಿಳಿದರು. ತಾಯಿ ಕತ್ತೆಯ ಬೆನ್ನಿಗೆ ಒಂದು ಮೂಟೆ ಕಟ್ಟಿತ್ತು. ಏನೆಂದು ಯಾರೂ ಕೇಳಲಿಲ್ಲ. ಬಿಳಿ ನಿಲುವಂಗಿಯ ಯುವಕ ಮರಿಯ ಮೇಲೆ ಕೂತ. ಅವನ ತಾಯಿ ಗರಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಬ್ಯಾಂಡಿಲ್ಲ, ಕನ್ನಡದಲ್ಲಿ ಒಂದು ಸಾಲು, ತಮಿಳಿನಲ್ಲಿ ಒಂದು ಸಾಲು ಹಾಡುತ್ತ ಹೊರಟರು. ಹಳೆಯ ಗಣಿಯ ಕಬ್ಬಿಣದ ಗೋಪುರ ದಾಟಿ, ಲೈನುಗಳ ನಡುವೆ ಎಲ್ಲವೂ ಸರಿಯಾಗಿಯೇ ನಡೆಯಿತು.

ಚರ್ಚಿನ ಬೀದಿ ತಿರುಗಿದಾಗ ಮರಿ ನಿಂತಿತು. ಸಮಿತಿಯವರು ಅರಸನಿಗೆಂದು ಶಾಮಿಯಾನದ ಅಂಗಡಿಯಿಂದ ಕೆಂಪು ಹಾಸು ತಂದು ಬಾಗಿಲವರೆಗೆ ಹಾಸಿದ್ದರು. ಬಿಸಿಲಿಗೆ ಅದು ನೀರಿನ ಹಾಗೆ ಹೊಳೆಯುತ್ತಿತ್ತು. ಮರಿ ಮುಂಗಾಲು ಊರಿ ಕಿವಿ ಹಿಂದಕ್ಕೆ ಮಡಚಿತು. ಮಗ ಎಳೆದ, ಮೇಷ್ಟ್ರು ಹಿಂದಿನಿಂದ ತಳ್ಳಿದರು. ಹಾಡು ನಿಂತಿತು. ಗುಂಪಿನ ಹಿಂದೆ ಯಾರೋ ಕಿಸಕ್ಕೆಂದರು. ಅದು ಇನ್ನೊಬ್ಬರಿಗೆ ಹತ್ತಿತು. ನಾನು ಮುದುಕರ ಮುಖ ನೋಡಿದೆ. ಅವರು ನಗುವವರನ್ನಲ್ಲ, ಮರಿಯ ಮೇಲಿದ್ದವನನ್ನು ನೋಡುತ್ತಿದ್ದರು. ಯುವಕ ಕಣ್ಣು ಕೆಳಗಿಟ್ಟು ಸುಮ್ಮನೆ ಕೂತಿದ್ದ.

ಮುದುಕರು ಮುಂದೆ ಬಂದು ಹಾಸಿನ ತುದಿ ಹಿಡಿದು ಮಡಚಿದರು. “ಈ ಕೆಂಪು ಪ್ಲಾಸ್ಟಿಕ್ಕು ತಗೀರ್ಲಾ,” ಎಂದರು ಯಾರಿಗೆಂದಿಲ್ಲದೆ. ತಾಯಿ ಕತ್ತೆಯ ಬೆನ್ನಿನ ಮೂಟೆ ಬಿಚ್ಚಿದರು. ಒಗೆದು ಗಂಜಿ ಹಾಕಿದ ಬಿಳಿ ಪಂಚೆಗಳು. ಒಂದನ್ನು ಕೊಡವಿ ಮರಿಯ ಮುಂದೆ ಹಾಸಿದರು. ಊರದೇವತೆಯ ಉತ್ಸವ ಹೊರಟಾಗ ದೇವರ ಹೆಜ್ಜೆಗೆ ನೆಲ ತಾಗದಂತೆ ಮಡಿಬಟ್ಟೆ ಹಾಸುವುದು ಅವರ ಮನೆತನದ ಹಕ್ಕು; ನಡೆಮಡಿ ಎನ್ನುತ್ತಾರೆ. ಮರಿ ಮೂಸಿ ನೋಡಿತು. ಹುಟ್ಟಿದಂದಿನಿಂದ ಬಲ್ಲ ವಾಸನೆ. ಕಾಲಿಟ್ಟಿತು. ಮಗ ಹಗ್ಗವನ್ನು ಮೇಷ್ಟ್ರ ಕೈಗೆ ಕೊಟ್ಟು ಅಪ್ಪನ ಜೊತೆ ಸೇರಿದ. ದಾಟಿದ ಬಟ್ಟೆಯನ್ನು ಹಿಂದಿನಿಂದ ಎತ್ತುವುದು, ಮುಂದಕ್ಕೆ ಹಾಸುವುದು. ಇಬ್ಬರೂ ಬಾಗಿ ಬಾಗಿ, ಬೀದಿಯುದ್ದಕ್ಕೂ.

ಮೊದಲು ಯುವಕನ ತಾಯಿ ಭುಜದ ಶಾಲು ತೆಗೆದು ಹಾಸಿದರು. ಆಮೇಲೆ ಟವೆಲುಗಳು, ದುಪಟ್ಟಾಗಳು, ಒಬ್ಬರ ಅಂಗಿ. ನಕ್ಕವರೂ ಹಾಸಿದರು. ಗೊರಸಿನ ಸದ್ದು ಬಟ್ಟೆಯಲ್ಲಿ ಅಡಗಿಹೋಯಿತು. ಅಷ್ಟು ಜನರಿದ್ದ ಬೀದಿಯಲ್ಲಿ ಮರಿಯ ಉಸಿರು ಕೇಳಿಸುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಪಾದ್ರಿಗಳು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. ನಾನು ಹತ್ತಿರ ಹೋದಾಗ ಮೆಲ್ಲಗೆ ಹೇಳಿದರು. ಹೀಬ್ರೂ ಅರಸರಲ್ಲಿ ಯೇಹು ಎಂಬ ದಂಡನಾಯಕನಿದ್ದ. ಅವನಿಗೆ ಅಭಿಷೇಕವಾಯಿತೆಂದು ತಿಳಿದ ಕೂಡಲೇ ಜೊತೆಯ ನಾಯಕರೆಲ್ಲ ತಮ್ಮ ತಮ್ಮ ಮೇಲಂಗಿ ಕಳಚಿ ಬರಿಯ ಮೆಟ್ಟಿಲ ಮೇಲೆ ಅವನ ಕಾಲಡಿಗೆ ಹಾಸಿ ಕೊಂಬು ಊದಿದರು. ಯೆರೂಸಲೇಮಿನ ಜನ ಏಸುವಿನ ದಾರಿಗೆ ಬಟ್ಟೆ ಹಾಸಿದ್ದಕ್ಕೆ ಬೇರು ಅಲ್ಲಿದೆ.

“ನಾನು ಇದನ್ನ ಅವರಿಗೆ ಹೇಳಿಯೇ ಇಲ್ಲ,” ಎಂದರು.

“ನಾನೂ ಹೇಳಿಲ್ಲ. ನನಗೆ ಗೊತ್ತೇ ಇರಲಿಲ್ಲ.”

ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯುವವಳು ನಾನು. ಆ ಹೊತ್ತಿಗೆ ಕಂಡದ್ದೇ ನನ್ನ ಅಳತೆಗೆ ಮೀರಿತ್ತು.

ಬಿಳಿ ಪಂಚೆಯ ಮೇಲೆ ಗೊರಸು ಇಡುತ್ತಿರುವ ಚಿತ್ರ ಕಳಿಸಿದೆ. ಏಸುವಿನ ಮುಖವೇ ಇಲ್ಲವಲ್ಲ ಎಂದರು ಸಂಪಾದಕರು. ಇದೇ ಇರಲಿ ಸರ್ ಎಂದೆ. ಇಟ್ಟುಕೊಂಡರು.

ಮಧ್ಯಾಹ್ನ ಅಪ್ಪ ಮಗನ ಜೊತೆ ನಾನೂ ಟೆಂಪೋದಲ್ಲಿ ಹೋದೆ. ನಡೆಮಡಿಯ ಬಗ್ಗೆ ಎರಡು ವಿವರ ಖಚಿತಪಡಿಸಿಕೊಳ್ಳಬೇಕಿತ್ತು. ದಾರಿಯಲ್ಲಿ ಮುದುಕರು ತಾವಾಗಿಯೇ ಹಳೆಯದನ್ನು ಎತ್ತಿದರು. ಮಗ ಹೇಳಿದ್ದಕ್ಕಿಂತ ಹೆಚ್ಚಿನದು ಅದರಲ್ಲಿ ಇರಲಿಲ್ಲ. ಹೇಳಿ ಮುಗಿಸಿ, “ಬರ್ಕಳೋದಾದ್ರೆ ಬರ್ಕೋ. ಊರ ಎಸ್ರು ಬ್ಯಾಡ,” ಎಂದರು. ಸೋಮವಾರದ ಪುಟಕ್ಕೆ ಅದನ್ನು ಸೇರಿಸಲಿಲ್ಲ. ಅದಕ್ಕೆ ಬೇರೆ ಜಾಗ ಬೇಕು ಅನಿಸಿತ್ತು.

ಊರು ಹತ್ತಿರವಾದಾಗ ಟೆಂಪೋ ಕೆರೆ ಕಟ್ಟೆಯ ಕಡೆ ತಿರುಗಲಿತ್ತು. “ಇಲ್ಲೇ ನಿಲ್ಸಪ್ಪ,” ಎಂದರು ಮುದುಕರು. ದೊಡ್ಡವರ ಬೀದಿ ಶುರುವಾಗುವ ಜಾಗ ಅದು. ಕತ್ತೆಗಳನ್ನು ಇಳಿಸಿದರು.

“ಅಪ್ಪಾ, ಕಟ್ಟೆ ಮ್ಯಾಲೆ ಓಗಾನ ಬಾ,” ಎಂದ ಮಗ.

ಮುದುಕರು ತಾಯಿ ಕತ್ತೆಯ ಬೆನ್ನಿನ ಮೇಲೆ ಕೈಯಿಟ್ಟು ನಿಂತರು. ಮಗನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಎರಡೂ ಅಂಗೈ ಜೋಡಿಸಿ ಬಗ್ಗಿದ. ಮುದುಕರು ಅದರಲ್ಲಿ ಪಾದವಿಟ್ಟು ಏರಿ, ಸೊಂಟದ ಮೇಲಕ್ಕೆ ಸರಿದು, ಮುಖ ಮುಂದಕ್ಕಿಟ್ಟು ಕೂತರು.

ಬೀದಿಯಲ್ಲಿ ಬಿಸಿಲು. ಜಗುಲಿಯೊಂದರಲ್ಲಿ ಮೊಬೈಲ್ ನೋಡುತ್ತಿದ್ದ ಆ ಮನೆಯ ಯಜಮಾನ ತಲೆ ಎತ್ತಿ, “ಏನ್ ತಾತ, ಸವಾರಿ ಜೋರು?” ಎಂದ.

“ಊಂ ಕಣಪ್ಪ,” ಎಂದರು ಮುದುಕರು.

ಅವನು ಮತ್ತೆ ಮೊಬೈಲ್ ನೋಡತೊಡಗಿದ. ಇನ್ನೂ ನಾಲ್ಕು ಮನೆ ದಾಟಿರಬಹುದು, ಕತ್ತೆ ನಡುಬೀದಿಯಲ್ಲಿ ನಿಂತು, ಯಾರೋ ಎಸೆದಿದ್ದ ಬಾಳೆಹಣ್ಣಿನ ಸಿಪ್ಪೆಗೆ ಬಾಯಿ ಹಾಕಿತು. ಮಗ ಗಾಬರಿಯಿಂದ ಹಗ್ಗ ಎಳೆಯಹೋದ.

“ಬಿಡ್ಲಾ, ತಿನ್ಲಿ,” ಎಂದರು ಮುದುಕರು ಮೇಲಿನಿಂದ. “ನಮ್ಗೇನ್ ಅವಸ್ರ.”